ತಿಯೊಪಿಸ್ತಾಳ ಮೇಲ್ಮನವಿ

ಮಸಾಕಾ ಊರಿನಲ್ಲಿ ವಕೀಲ ಕಿಗ್ಗುಂಡು ಅವರ ಗುಮಾಸ್ತನಾಗಿ ಇಪ್ಪತ್ತೆರಡು ವರ್ಷ ದುಡಿದವನು ನಾನು. ಕೋರ್ಟಿನ ಜಗಲಿಯಲ್ಲಿ ಎಷ್ಟೋ ಜನ ಗೋಳಾಡಿದ್ದನ್ನು ಕಂಡಿದ್ದೇನೆ. ತಿಯೊಪಿಸ್ತಾ ಮಾತ್ರ ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಮ್ಮ ಹಳ್ಳಿಯವಳೇ. ಚಾಪೆ ಹೆಣೆಯುವ ಕೈ, ಜೋರು ಬಾಯಿ. ಗಂಡ ಯೋಸೆಫು ಹಾಸಿಗೆ ಹಿಡಿದಾಗ ಮೂರು ವರ್ಷ ಬೆಂದ ಬಾಳೆಕಾಯಿ ಹಿಸುಕಿ ಉಣಿಸಿದವಳು. ಅವರ ಬಾಳೆತೋಟ ತನ್ನದೆಂದು ಜಮೀನ್ದಾರ ಕೆಳಗಿನ ಕೋರ್ಟಿನಲ್ಲಿ ಗೆದ್ದ ವಾರವೇ ಯೋಸೆಫು ತೀರಿಕೊಂಡ. ಆ ತೋಟದಲ್ಲೇ ಮಣ್ಣು ಮಾಡಿದೆವು.

"ಹೈಕೋರ್ಟಿಗೆ ಹೋಗ್ತೀನಿ ಅಣ್ಣಾ. ಅವನು ಮಲಗಿರೋ ಜಾಗ ಬಿಟ್ಕೊಡೋಳಲ್ಲ ನಾನು," ಎಂದಳು.

ನಮ್ಮಲ್ಲಿ ವಕೀಲರು ವರ್ಷವರ್ಷವೂ ಫೆಬ್ರವರಿಯೊಳಗೆ ಪರವಾನಗಿ ಹೊಸದು ಮಾಡಿಸಬೇಕು; ಇಲ್ಲದಿದ್ದರೆ ಅವರು ಹಾಕಿದ ಸಹಿ ಕೋರ್ಟಿನಲ್ಲಿ ನಡೆಯುವುದಿಲ್ಲ. ರಾಜಧಾನಿ ಕಂಪಾಲಾಕ್ಕೆ ಹೋಗಿ ತರುವ ಕೆಲಸ ನನ್ನದು. ಕೊನೆಯ ದಿನದವರೆಗೂ ಸೋಮಾರಿತನ ಮಾಡಿದೆ. ಆ ದಿನವೇ ಯೋಸೆಫುವಿನ ಮಣ್ಣು. ಸಾವಿಗೆ ಹೋಗದವನನ್ನು ಊರಲ್ಲಿ ಯಾರೂ ಮಾತಾಡಿಸುವುದಿಲ್ಲ. ಗುದ್ದಲಿ ಹಿಡಿದು ನಾನೇ ಗುಂಡಿ ತೋಡಿದೆ. ನಾಳೆ ಹೋದರಾಯ್ತು ಅಂದುಕೊಂಡವನು ಮರೆತೇಬಿಟ್ಟೆ.

ಮಾರ್ಚಿನಲ್ಲಿ ಅವಳ ಮೇಲ್ಮನವಿಗೆ ಸಹಿ ಹಾಕುವಾಗ ಕಿಗ್ಗುಂಡು ಕೇಳಿದರು, "ಪರವಾನಗಿ ತಂದ್ಯೇನಯ್ಯಾ?"

"ಆಯ್ತು ಸಾರ್," ಎಂದೆ. ನನ್ನ ಬಾಯಿಗೆ ಬೆಂಕಿ ಬೀಳಲಿ!

ವಿಚಾರಣೆಯ ದಿನ ಜಮೀನ್ದಾರನ ವಕೀಲ ಎದ್ದು, "ಸ್ವಾಮಿ, ಸಹಿ ಹಾಕಿದ ದಿನ ಇವರಿಗೆ ಪರವಾನಗಿಯೇ ಇರ್ಲಿಲ್ಲ," ಎಂದ. ಕಿಗ್ಗುಂಡು ತಿರುಗಿ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ನ್ಯಾಯಾಧೀಶರು ತೋಟದ ವಿಷಯ ಒಂದು ಸಾಲೂ ಓದದೆ ಮೇಲ್ಮನವಿ ವಜಾ ಮಾಡಿದರು. ಮತ್ತೆ ಹಾಕೋಣವೆಂದರೆ ಅವಧಿ ಮುಗಿದು ತಿಂಗಳುಗಳಾಗಿದ್ದವು.

ಜಗಲಿಯಲ್ಲಿ ತಿಯೊಪಿಸ್ತಾ ನನ್ನ ತೋಳು ಹಿಡಿದಳು. "ಏನಂದ್ರಣ್ಣಾ? ಯೋಸೆಫು ಹೆಸರೇ ಎತ್ತಲಿಲ್ಲವಲ್ಲ?"

"ತಪ್ಪು ನಂದು ಅಕ್ಕಾ. ಅವತ್ತು ಕಂಪಾಲಾಕ್ಕೆ ಹೋಗ್ಬೇಕಿತ್ತು. ಅವನ ಗುಂಡಿ ತೋಡೋಕೆ ಬಂದೆ. ಆಮೇಲೆ ಸುಳ್ಳೂ ಹೇಳ್ದೆ."

ಉಗಿಯುತ್ತಾಳೆ ಅಂದುಕೊಂಡೆ. ಉಗಿಯಬೇಕಿತ್ತು. ನಮ್ಮ ಹೆಂಗಸರು ಗಂಡಸರೆದುರು ಏನಾದರೂ ಕೇಳಿಕೊಳ್ಳುವಾಗ ಮಾಡುವಂತೆ ಮಂಡಿಯೂರಿದಳು.

"ತವರಿನ ತೋಟಕ್ಕೆ ಅವನ್ನ ಒಯ್ತೀನಿ. ತೋಡ್ದೋರು ನೀವೇ, ತೆಗೆಯೋಕೂ ನೀವೇ ಬನ್ನಿ. ಬೇರೆಯವರ ಗುದ್ದಲಿ ಅವನಿಗೆ ತಾಗೋದು ಬೇಡ."

ಶನಿವಾರ ಗುದ್ದಲಿ ಹಿಡಿದು ಹೋದೆ. ಹೆಣಕ್ಕೆ ಸುತ್ತಿದ್ದ, ಮರದ ತೊಗಟೆ ಬಡಿದು ಮಾಡಿದ ಬಟ್ಟೆ ಇನ್ನೂ ಗಟ್ಟಿಯಾಗಿತ್ತು.