ಭಾಗ್ಯಳ ಬಾಯಿಗೆ ಸಿಹಿಯಾದ ಬೇವು

ಹಾವು ಕಚ್ಚಿದವರಿಗೆ ಬೇವು ಸಿಹಿಯಾಗುತ್ತದೆ ಎಂಬ ಮಾತನ್ನು ನಾನು ನಂಬಿದವನೇ ಅಲ್ಲ. ಕಿಬ್ಬನಹಳ್ಳಿಯಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ತೋಟದಲ್ಲಿ ಕಾಲಿಗೆ ಏನೋ ಚುಚ್ಚಿತು, ಬೇವು ಅಗಿದು ನೋಡಿದೆ, ಕಹಿಯಾಗಿತ್ತು, ಒಂದು ಮಾತ್ರೆ ಕೊಡಿ ಸಾಕು ಎಂದು ಬಂದವರನ್ನು ಬೈದು ಆಸ್ಪತ್ರೆಗೆ ಅಟ್ಟಿದ್ದೇನೆ. ಅಂಥ ನಾನು ಇದನ್ನು ಬರೆಯಲು ಕೂತಿದ್ದೇನೆ ಎಂದರೆ ನನಗೇ ಮುಜುಗರ. ನೀವು ನಗುವುದಾದರೆ ನಕ್ಕುಬಿಡಿ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಹೆಂಡತಿ ಭಾಗ್ಯ ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದಾಗ ಮಚ್ಚು ಜಾರಿ ಎಡಗೈ ಮೇಲೆ ಬಿತ್ತು. ನನಗೂ ಹೇಳದೆ ಅರಿಶಿನ ಮೆತ್ತಿಕೊಂಡು ಓಡಾಡಿದಳು, ಔಷಧಿ ಅಂಗಡಿಯವನ ಹೆಂಡತಿ ನೋಡಿ. ಗಾಯ ಕೀವಾಯಿತು. ತುಮಕೂರಿನ ಆಸ್ಪತ್ರೆಯೊಂದರಲ್ಲಿ ಕೊಳೆತ ಚರ್ಮ ತೆಗೆದು, ಅವಳದೇ ಮೊಣಕೈ ಕೆಳಗಿನ ಚರ್ಮವನ್ನು ರಕ್ತನಾಳದ ಸಮೇತ ಎತ್ತಿ ತಿರುಗಿಸಿ ಅಲ್ಲಿ ಹೊಲಿದರು. ಅದು ಹಿಡಿದರೆ ಕೈ ಉಳಿಯುತ್ತದೆ, ಇಲ್ಲದಿದ್ದರೆ ಬೆರಳುಗಳ ಆಸೆ ಬಿಡಬೇಕು ಎಂದರು.

ಹೊಲಿದ ಚರ್ಮ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ರಕ್ತ ಅಲ್ಲೇ ಹೆಪ್ಪುಗಟ್ಟುತ್ತಿದೆ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಹಾವಿನ ವಿಷದಿಂದ ತಯಾರಿಸಿದ ಒಂದು ಔಷಧಿ ಇದೆ, ರಕ್ತ ಸರಾಗವಾಗಿ ಹರಿಯುವಂತೆ ಮಾಡುತ್ತದೆ, ಇಂಥದ್ದಕ್ಕೆ ಇನ್ನೂ ಅಷ್ಟಾಗಿ ಬಳಕೆಯಲ್ಲಿಲ್ಲ, ನೋಡೋಣವೇ ಎಂದರು. ಒಪ್ಪಿದೆ. ಭಾಗ್ಯಳಿಗೆ ಮಾತ್ರ ರಕ್ತ ತೆಳುವಾಗುವ ಇಂಜೆಕ್ಷನ್ ಎಂದಷ್ಟೇ ಹೇಳಿದೆ. ಹಾವು ಎಂದರೆ ಅವಳಿಗೆ ಜೀವ ಹೋಗುತ್ತದೆ.

ಮಾರನೆಯ ದಿನ ಯುಗಾದಿ. ಭಾಗ್ಯಳ ತಾಯಿ ಚಿಕ್ಕನಾಯಕನಹಳ್ಳಿಯಿಂದ ಮೊದಲ ಬಸ್ಸಿಗೆ ಬೇವು ಬೆಲ್ಲ ತಂದರು. ಬೇವಿನ ಚಿಗುರನ್ನು ಮಗಳ ಬಾಯಿಗಿಟ್ಟು, ಬೆಲ್ಲದ ಪೊಟ್ಟಣದ ದಾರ ಬಿಚ್ಚುತ್ತಿದ್ದರು. ಅಷ್ಟರಲ್ಲಿ ಭಾಗ್ಯ, "ಏನವ್ವಾ, ಬರೀ ಬೆಲ್ಲನೇ ಮಡಗಿದೀಯ. ಬೇವೆಲ್ಲಿ?" ಎಂದಳು.

ಅತ್ತೆ ಇನ್ನೊಂದು ಚಿಗುರು ಕೊಟ್ಟರು. ಅದೂ ಸಿಹಿ. ಅದೇ ಕಡ್ಡಿಯಿಂದ ಕಿತ್ತು ನಾನೂ ಅಗಿದೆ. ಗಂಟಲವರೆಗೂ ಕಹಿ.

"ಇವ್ಳಿಗೆ ಹುಳ ಮುಟ್ಟೈತೆ ಕಣಪ್ಪ," ಎಂದು ಅತ್ತೆ ಅಳಲು ಶುರುಮಾಡಿದರು. "ಯಾವಾಗ ಮುಟ್ತೋ, ಯಾರೂ ನೋಡ್ನಿಲ್ವಲ್ಲ."

ನಮ್ಮ ಕಡೆ ಹಾವಿನ ಹೆಸರು ಹೇಳುವುದಿಲ್ಲ, ಹುಳ ಎನ್ನುತ್ತಾರೆ. ಆ ಔಷಧಿಯ ಸಂಗತಿ ಆಸ್ಪತ್ರೆಯವರನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಡಾಕ್ಟರು ನಕ್ಕರು. "ಇಷ್ಟೊಂದು ಆಂಟಿಬಯಾಟಿಕ್ ಹೋದ್ಮೇಲೆ ನಾಲಿಗೆ ಕೆಡದೆ ಇರುತ್ತೇನ್ರೀ?" ಇರಬಹುದು. ಆದರೆ ಅದೇ ನಾಲಿಗೆಗೆ ಹಾಗಲಕಾಯಿ ಕಹಿಯಾಗಿಯೇ ಇತ್ತು, ಮೆಣಸಿನಕಾಯಿ ಖಾರವಾಗಿಯೇ ಇತ್ತು. ಆ ಮಾತ್ರೆಗಳನ್ನು ನಾನೇ ಎಷ್ಟೋ ವರ್ಷದಿಂದ ಮಾರುತ್ತಿದ್ದೇನೆ. ಬಾಯಿ ಕಹಿಯಾಯಿತು ಎಂದವರುಂಟು, ಬೇವು ಸಿಹಿಯಾಯಿತು ಎಂದವರಿಲ್ಲ.

ಚರ್ಮ ನಿಧಾನವಾಗಿ ಕೆಂಪಾಯಿತು, ಹಿಡಿಯಿತು. ಭಾಗ್ಯಳ ಕೈ ಉಳಿಯಿತು. ಆ ಔಷಧಿ ನಿಲ್ಲಿಸಿ ವರ್ಷಗಳಾದವು. ಬೇವು ಅವಳಿಗೆ ಇವತ್ತಿಗೂ ಸಿಹಿ. ಯಾಕೆಂದು ನನಗೆ ಗೊತ್ತಿಲ್ಲ. ವಿಷದ ಸಂಗತಿ ಹೇಳಲು ಬಾಯಿ ತೆರೆದಾಗೆಲ್ಲ ಧೈರ್ಯ ಸಾಲುವುದಿಲ್ಲ.

ಮೊನ್ನೆ ತೋಟದಲ್ಲಿ ಉದುರಿದ ಕಾಯಿ ಆಯಲು ಹೊರಟವಳು ಬಾಗಿಲಲ್ಲಿ ನಿಂತಳು. "ಅಲ್ರೀ, ನಾಳೆ ನಂಗೆ ನಿಜವಾಗ್ಲೂ ಹುಳ ಮುಟ್ಟಿದ್ರೆ ಹೆಂಗೆ ಗೊತ್ತಾಗೋದು?"

ಈಗ ಅವಳು ತೋಟಕ್ಕೆ ಹೊರಟರೆ ನಾನು ಅಂಗಡಿ ಮುಚ್ಚಿ ಜೊತೆಗೆ ಹೋಗುತ್ತೇನೆ, ಅವಳಿಗಿಂತ ಒಂದು ಹೆಜ್ಜೆ ಮುಂದೆ.