ನಾನು ತೆಂಗಿನ ಗಿಡ ಹತ್ತಿದ ದಿನ

ಗಿಡದ ಮೇಲಿಂದ ಮನುಷ್ಯ ಬಿದ್ದ ಸಪ್ಪಳವನ್ನು ನಾನು ಕೇಳಿದ್ದೇನೆ. ಮದುವೆಯಾಗಿ ಈ ಮನೆಗೆ ಬಂದ ಎರಡನೇ ವರ್ಷ ಅದು. ಇಂಡಿಯಿಂದ ತಾಂಬಾಕ್ಕೆ ಹೋಗುವ ದಾರಿಯ ಬಾಜೂಕೆ ನಮ್ಮ ಹೊಲ. ನಡುವೆ ಲಿಂಬಿ, ಬದುವಿನ ಗುಂಟ ಮತ್ತು ಬಾವಿಯ ಸುತ್ತ ತೆಂಗು. ಕಾಯಿ ಇಳಿಸಲು ಪಕ್ಕದ ಊರಿನಿಂದ ಒಬ್ಬ ವಯಸ್ಸಾದವರು ಬರುತ್ತಿದ್ದರು. ಎರಡೂ ಪಾದ ಕೂಡಿಸಿ ಹಗ್ಗದ ಬಳೆ ಹಾಕಿಕೊಂಡು ಗಿಡ ಅಪ್ಪಿ ಸರಸರ ಏರುವವರು. ಅವತ್ತು ತುದಿ ಮುಟ್ಟಿ, ಒಣಗಿದ ಗರಿಯ ಬುಡ ಹಿಡಿದರು. ಅದು ಕಿತ್ತು ಕೈಗೆ ಬಂತು. ನಾನು ಬಾವಿಕಟ್ಟೆಯ ಹತ್ತಿರ ಅರಿವೆ ಒಗೆಯುತ್ತಿದ್ದೆ. ಕಾಯಿ ಬಿದ್ದರೆ ಬರುವ ಸಪ್ಪಳ ಬೇರೆ. ಇದು ಜೋಳ ತುಂಬಿದ ಚೀಲವನ್ನು ಎತ್ತಿ ಒಗೆದ ಹಾಗಿತ್ತು.

ಲಿಂಬಿಯ ಮಡಿಗೆ ಆಗಷ್ಟೇ ನೀರು ಬಿಟ್ಟಿದ್ದರು. ಆ ಮೆತ್ತನೆಯ ಕೆಸರಿನಿಂದ ಅವರ ಜೀವ ಉಳಿಯಿತು, ಸೊಂಟ ಮಾತ್ರ ಉಳಿಯಲಿಲ್ಲ. ಆಮೇಲೆ ನಮ್ಮ ಗಿಡಗಳಿಗೆ ಯಾರೂ ಹತ್ತಲಿಲ್ಲ. ಕಾಯಿ ಬಲಿತು ತಾನಾಗಿ ಬಿದ್ದರೆ ಆರಿಸಿಕೊಳ್ಳುವುದು, ಇಲ್ಲದಿದ್ದರೆ ಇಲ್ಲ. ಗಿಡದ ಕೆಳಗೆ ಹೋಗುವಾಗ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಓಡುತ್ತಿದ್ದೆವು.

ಹೀಗೆ ಎಷ್ಟೋ ವರ್ಷ ಕಳೆದ ಮೇಲೆ, ಹೆಣ್ಣುಮಕ್ಕಳಿಗೆ ಯಂತ್ರದಿಂದ ತೆಂಗಿನ ಗಿಡ ಹತ್ತುವುದನ್ನು ಕಲಿಸುತ್ತಾರೆ ಎಂಬ ಸುದ್ದಿ ಬಂತು. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಅದನ್ನು ಕೇಳಿದ ದಿನದಿಂದ ಕುಣಿಯತೊಡಗಿದಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು.

"ಅತ್ತಿ, ನಾ ಹೋಗ್ತೇನ್ರಿ," ಅಂದಳು.

ಅತ್ತೆ ಬೇಳೆ ಆರಿಸುತ್ತ, ಕತ್ತು ಎತ್ತದೆ, "ಒಬ್ಬಾಕಿನ ಬ್ಯಾಡ. ದೊಡ್ಡಾಕಿನ ಕರಕೊಂಡು ಹೋಗು," ಅಂದರು.

ಹೀಗೆ ಆ ಆರು ದಿನದ ತರಬೇತಿಗೆ ನಾನು ಹೋದದ್ದು ಬರೀ ಜೊತೆಗೆ. ಯಂತ್ರ ಅಂದರೆ ಕಬ್ಬಿಣದ ಎರಡು ಚೌಕಟ್ಟು, ಎಡಕ್ಕೊಂದು ಬಲಕ್ಕೊಂದು. ಪ್ರತಿಯೊಂದಕ್ಕೂ ಪಾದ ಸಿಗಿಸುವ ಪಟ್ಟಿ, ಕೈಗೆ ಹಿಡಿಕೆ, ಗಿಡವನ್ನು ಸುತ್ತಿ ಹಿಡಿಯುವ ತಂತಿಹಗ್ಗ. ಸೊಂಟಕ್ಕೆ ಬೇರೆ ಬೆಲ್ಟು, ಅದೂ ಗಿಡಕ್ಕೆ ಸುತ್ತಿರುತ್ತದೆ. ಕಲಿಸುವವರು ದಿನಾ ಒಂದೇ ಮಾತು ಹೇಳುತ್ತಿದ್ದರು: "ಭಾರ ಬಿದ್ರ ತಂತಿ ಬಿಗೀತೈತಿ, ಭಾರ ತಗದ್ರ ಸಡ್ಲ ಆಗತೈತಿ. ಇಷ್ಟ ನೆಪ್ಪಿಟ್ಕೋರಿ."

ನೆಗೆಣ್ಣಿ ಮೂರನೇ ದಿನವೇ ತುದಿಗೆ ಹೋಗಿ ಅಲ್ಲಿಂದ ಕೈ ಬೀಸಿದಳು. ನಾನು ಎರಡಾಳಿನೆತ್ತರ ಏರುವಷ್ಟರಲ್ಲಿ ಮೊಣಕಾಲು ನಡುಗಿ, ಯಂತ್ರವೇ ಗಡಗಡ ಅಲುಗಿತು. ಹಳೆಯ ಆ ಸಪ್ಪಳ ಕಿವಿಯೊಳಗೇ ಕೇಳಿತು. ಆರೂ ದಿನ ಅದಕ್ಕಿಂತ ಮೇಲೆ ಹೋಗಲಿಲ್ಲ. ಆದರೂ ಕೊನೆಗೆ ಇಬ್ಬರಿಗೂ ಒಂದೊಂದು ಯಂತ್ರ ಕೊಟ್ಟು ಕಳಿಸಿದರು. ನನ್ನದು ಪಂಪಿನ ಖೋಲಿಯ ಮೊಳೆಗೆ ತೂಗಿತು.

ಅವಳು ಗಿಡ ಹತ್ತುವುದು, ನಾನು ಕೆಳಗೆ ನಿಲ್ಲುವುದು: ಇದೇ ರೂಢಿಯಾಯಿತು. ಅವಳು ಏರುವ ಮುಂಚೆ ತಂತಿಯ ಎಳೆ ಎಲ್ಲಾದರೂ ಬಿಚ್ಚಿದೆಯೋ ಎಂದು ಬೆರಳಾಡಿಸಿ ನೋಡುತ್ತಿದ್ದೆ. ಬೆಲ್ಟಿನ ಕೊಂಡಿ ಎಳೆದು ನೋಡುತ್ತಿದ್ದೆ. ಅವಳು ನಗುತ್ತಿದ್ದಳು. "ಅಕ್ಕಾ, ನೀವು ನೋಡಿದ್ದ ನೋಡಿ ತಂತಿನ ಸವೀತೈತಿ," ಅನ್ನುತ್ತಿದ್ದಳು. ನಾನು ಮಾತ್ರ ಅವಳ ಪಾದ ನೆಲ ಮುಟ್ಟುವತನಕ ಎತ್ತಿದ ಕತ್ತು ಇಳಿಸುತ್ತಿರಲಿಲ್ಲ.

ಅದು ಶ್ರಾವಣ. ಮನೆಯ ಗಂಡಸರಿಬ್ಬರೂ ಲಿಂಬಿ ಚೀಲ ಹೇರಿಕೊಂಡು ಟೆಂಪೊದಲ್ಲಿ ಇಂಡಿಗೆ ಹೋಗಿದ್ದರು. ಬಾವಿಯ ಪಕ್ಕದ ಗಿಡ ನಮ್ಮಲ್ಲೇ ಎತ್ತರದ್ದು. ಅದರ ಸುಳಿಗೆ ದುಂಬಿ ಬಿದ್ದಿತ್ತು. ಹೊಸ ಗರಿಗಳೆಲ್ಲ ಕತ್ತರಿಯಿಂದ ಕತ್ತರಿಸಿದಂತೆ ಬರುತ್ತಿದ್ದವು. ಸುಳಿಯ ತೂತಿಗೆ ಕಬ್ಬಿಣದ ಕೊಕ್ಕೆ ಹಾಕಿ ದುಂಬಿ ಎಳೆದು, ಗರಿಯ ಸಂದಿಯಲ್ಲಿ ಬೇವಿನ ಹಿಂಡಿ ಬೆರೆಸಿದ ಉಸುಕು ತುಂಬಬೇಕು. ಬೆಳಗಿನ ಹತ್ತರ ಸುಮಾರಿಗೆ ಅವಳು ಕೊಕ್ಕೆ, ಉಸುಕಿನ ಚೀಲ, ಕೊಯ್ತಾ ಅನ್ನುವ ಬಾಗಿದ ಕತ್ತಿ ಸೊಂಟಕ್ಕೆ ಕಟ್ಟಿಕೊಂಡು ಏರಿದಳು.

ಮೇಲೆ ಹೋಗಿ, ಅಡ್ಡ ಬಂದ ಒಂದು ಒಣ ಗರಿಗೆ ಕೊಯ್ತಾ ಹಾಕಿದಳು. ಗರಿ ಜೋತುಬಿತ್ತು. ಅದರ ಹಿಂದೆ ಕಣಜದ ಗೂಡು ಇತ್ತು.

ಮೊದಲು ನನಗೆ ತಿಳಿಯಲಿಲ್ಲ. ಒಂದು ಚೀರು ಕೇಳಿತು. ಕೊಯ್ತಾ ನನ್ನಿಂದ ಒಂದು ಮಾರು ದೂರದಲ್ಲಿ ಮಣ್ಣಿಗೆ ನಾಟಿತು. ಕತ್ತೆತ್ತಿ ನೋಡಿದರೆ ಅವಳು ಎರಡೂ ಕೈಯಿಂದ ಮುಖ ಬಡಿದುಕೊಳ್ಳುತ್ತಿದ್ದಳು. ಆ ಒದ್ದಾಟದಲ್ಲಿ ಎಡಗಾಲು ಪಟ್ಟಿಯಿಂದ ಜಾರಿತು. ಭಾರ ಹೋದ ಎಡ ಚೌಕಟ್ಟು ಸಡಿಲಾಗಿ ಗಿಡದ ಗುಂಟ ಕರಕರ ಅಂತ ಜಾರುತ್ತ, ನನ್ನ ತಲೆಗಿಂತ ಒಂದಾಳಿನಷ್ಟು ಮೇಲೆ ಬಂದು ಸಿಕ್ಕಿ ನಿಂತಿತು. ಅವಳು ಹಿಂದಕ್ಕೆ ವಾಲಿ ಸೊಂಟದ ಬೆಲ್ಟಿನಲ್ಲಿ ತೂಗಿದಳು. ಬಲಗಾಲು ಪಟ್ಟಿಯಲ್ಲೇ ಸಿಕ್ಕು ತಿರುಚಿತ್ತು.

"ಅಕ್ಕಾ! ನನಗ ಕಾಣವಲ್ದು! ಕಣ್ಣ ಮುಚ್ಚಿಕೊಂಡಾವ!"

ನಾನು ನಿಂತಲ್ಲೇ ಕಲ್ಲಾದೆ. ಆ ಸಪ್ಪಳ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಿವಿ ಕಾಯುತ್ತಿತ್ತು. ಹೇಗೋ ಯಜಮಾನರಿಗೆ ಫೋನ್ ಹಚ್ಚಿದೆ. ಎಷ್ಟೇ ಲಗೂ ಬಂದರೂ ಮುಕ್ಕಾಲು ತಾಸು ಬೇಕು ಅಂದರು. ನಮ್ಮ ಏಣಿ ಗಿಡದ ಕಾಲು ಭಾಗಕ್ಕೂ ಮುಟ್ಟುವುದಿಲ್ಲ. ಮೇಲಿಂದ ಅವಳ ದನಿ ಸಣ್ಣದಾಗುತ್ತಿತ್ತು. "ಕೈ ಜೋಮು ಹಿಡ್ಯಾಕತ್ತಾವ್ರಿ ಅಕ್ಕಾ..."

ಚೀರು ಕೇಳಿ ಅತ್ತೆ ಮೊಣಕಾಲು ಎಳೆಯುತ್ತ ಮನೆಯಿಂದ ಬಂದರು. ಒಮ್ಮೆ ಮೇಲೆ ನೋಡಿದರು. ಅಳಲಿಲ್ಲ. ಬಾಂಡೆಯೊಳಗೆ ತೆಂಗಿನ ಸಿಪ್ಪೆ ತುಂಬಿ, ಒಲೆಯ ಕೆಂಡ ಸುರಿದು, ಮೇಲೆ ಹಸಿ ಬೇವಿನ ಸೊಪ್ಪು ಒಟ್ಟಿ, ಗಾಳಿ ಬರುವ ಕಡೆ ಗಿಡದ ಬುಡಕ್ಕೆ ತಂದಿಟ್ಟರು. ದಟ್ಟ ಹೊಗೆ ಎದ್ದು ಗಿಡದ ಗುಂಟ ಏರಿತು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಯಂತ್ರ ಎಲ್ಲೈತಿ?" ಅಂದರು.

"ಅತ್ತಿ, ನನ್ನ ಕೈಲಿ ಆಗೂದಿಲ್ರಿ."

"ನನ್ನ ಕೈಲಿ ಆಗಿದ್ರ ನಾನ ಏರತಿದ್ನಿ," ಅಂದರು ಅಷ್ಟೆ.

ಖೋಲಿಯಿಂದ ಯಂತ್ರ ತಂದು ಗಿಡಕ್ಕೆ ಸುತ್ತುವಾಗ ಕೊಂಡಿಯ ತೂತೇ ಸಿಗಲಿಲ್ಲ. ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡೆ. ಮೇಲೆ ನೋಡಬಾರದು, ಕೆಳಗೂ ನೋಡಬಾರದು, ಮೂಗಿನ ಮುಂದಿನ ಗಿಡವನ್ನಷ್ಟೇ ನೋಡಬೇಕು ಎಂದುಕೊಂಡೆ. ಎಡಗಾಲು, ಎಡಗೈ. ಬಲಗಾಲು, ಬಲಗೈ. ಎರಡಾಳಿನೆತ್ತರಕ್ಕೆ ಹೋದಾಗ ಮೊಣಕಾಲು ಹಳೆಯ ಹಾಗೇ ನಡುಗತೊಡಗಿದವು. ಅಲ್ಲೇ ಅವಳ ಎಡ ಚೌಕಟ್ಟು ಸಿಕ್ಕಿತು. ಅದನ್ನು ದಾಟಿ ಹೋಗಲು ಬರುವುದಿಲ್ಲ. ಒಂದೊಂದು ಹೆಜ್ಜೆಗೂ ಅದನ್ನು ಒಂದು ಕೈಯಿಂದ ಮೇಲೆ ನೂಕಿ, ಆಮೇಲೆ ನಾನು ಏರಬೇಕು. ಕೆಲಸ ಇಮ್ಮಡಿಯಾಯಿತು. ಆದರೆ ನೂಕುವ ಚಿಂತೆಯಲ್ಲಿ ಎತ್ತರ ಸ್ವಲ್ಪ ಮರೆತುಹೋಯಿತು.

ನಡುವೆ ಒಮ್ಮೆ ಗಾಳಿ ಬೀಸಿತು. ಗಿಡ ಬಾವಿಯ ಕಡೆ ಬಾಗಿತು. ಕೆಳಗೆ ನೋಡಿಬಿಟ್ಟೆ. ಅತ್ತೆಯ ತಲೆಯ ಸೆರಗು ಕಂಡಿತು, ಅದರ ಪಕ್ಕ ಬಾವಿಯ ಕರಿ ನೀರು. ಗಿಡ ತಬ್ಬಿ ಕಣ್ಣು ಮುಚ್ಚಿದೆ. ಉಚ್ಚೆ ಹೋಗಿ ಸೀರೆ ತೊಯ್ದದ್ದೂ ಆಗಲೇ. ಎಷ್ಟು ಹೊತ್ತು ಹಾಗಿದ್ದೆನೋ. ಹೊಗೆಗೆ ಕೆಮ್ಮು ಬಂತು, ಮೇಲೆ ಅವಳೂ ಕೆಮ್ಮಿದಳು. ಬಹಳ ಹತ್ತಿರದಿಂದ ಕೇಳಿತು.

"ಯಾರು? ಅಕ್ಕಾ, ನೀವ ಏನು?"

"ನಾನ. ಅಲುಗಾಡಬ್ಯಾಡ."

ಅವಳ ಪಾದ ನನ್ನ ತಲೆಯ ಮೇಲೆ ತೂಗುತ್ತಿತ್ತು. ಕಣಜಗಳು ಹೊಗೆಗೆ ಮೇಲಕ್ಕೆ ಸರಿದಿದ್ದವು. ಒಂದೆರಡು ಬಂದು ನನ್ನ ಕುತ್ತಿಗೆಗೆ ಕಚ್ಚಿದವು. ಕೈ ಬಿಡುವ ಹಾಗಿರಲಿಲ್ಲ, ಹಲ್ಲು ಕಚ್ಚಿ ಸುಮ್ಮನಾದೆ. ಚೌಕಟ್ಟನ್ನು ಅವಳ ಎಡಗಾಲಿನ ಕೆಳಗೆ ಒತ್ತಿ ಹಿಡಿದು, ಪಾದವನ್ನು ಪಟ್ಟಿಯೊಳಗೆ ತೂರಿಸಿದೆ.

"ಈಗ ಎಡಗಾಲ ಮ್ಯಾಲ ಭಾರ ಹಾಕು. ಹಾಕು, ತಂತಿ ಬಿಗೀತೈತಿ."

"ಬೀಳ್ತೇನಿ ಅಕ್ಕಾ."

"ಬಿದ್ರ ನನ್ನ ಮ್ಯಾಲ ಬೀಳ್ತಿ. ಹಾಕು."

ತಂತಿ ಕಿರ್ ಅಂದಿತು, ಹಿಡಿಯಿತು. ಅವಳು ಎದ್ದು ನಿಂತಳು. ಬಲಗಡೆಯ ಭಾರ ಇಳಿದ ಕೂಡಲೇ ತಿರುಚಿದ ಕಾಲನ್ನು ನಿಧಾನ ಸರಿ ಮಾಡಿದೆ. ಅವಳು ಗಿಡ ಅಪ್ಪಿ ಬಿಕ್ಕಿದಳು.

ಇಳಿಯುವುದು ಏರಿದ್ದಕ್ಕಿಂತ ಕಠಿಣವಾಯಿತು. ಅವಳಿಗೆ ಕಣ್ಣಿಲ್ಲ, ನನಗೆ ಧೈರ್ಯವಿಲ್ಲ. ಮೊದಲು ನಾನು ಒಂದು ಹೆಜ್ಜೆ ಇಳಿಯುತ್ತಿದ್ದೆ, ಆಮೇಲೆ ಹೇಳುತ್ತಿದ್ದೆ: "ಎಡಗಾಲು ಸಡ್ಲ ಮಾಡು. ಇಳಸು. ನಿಂದರು. ಬೆಲ್ಟ್ ಇಳಸು. ಈಗ ಬಲಗಾಲು." ಅವಳು ಹೇಳಿದ್ದನ್ನೆಲ್ಲ ಮಾಡಿದಳು. ಬಲಗಾಲು ಊರಿದಾಗಲೆಲ್ಲ ಅವಳಿಂದ ಒಂದು ನರಳಾಟ ಬರುತ್ತಿತ್ತು. ಯಾವ ನರಳಾಟದ ಹಿಂದೆ ಅವಳೇ ಬರುತ್ತಾಳೋ ಎಂದು ನಾನು ಪ್ರತಿ ಸಲ ಭುಜ ಕುಗ್ಗಿಸುತ್ತಿದ್ದೆ.

ನೆಲ ಕಾಲಿಗೆ ತಾಗಿದಾಗ ಪಟ್ಟಿ ಬಿಚ್ಚಲೂ ಶಕ್ತಿ ಇರಲಿಲ್ಲ. ಅತ್ತೆಯೇ ಬಿಚ್ಚಿದರು. ನಾನು ಅಲ್ಲೇ ವಾಂತಿ ಮಾಡಿಕೊಂಡೆ. ನೆಗೆಣ್ಣಿಯ ಮುಖ ಗುರುತು ಸಿಗದಂತೆ ಬಾತು ಹೋಗಿತ್ತು. ಉಸಿರು ಎಳೆದೆಳೆದು ಬಿಡುತ್ತಿದ್ದಳು. ಅಷ್ಟರಲ್ಲಿ ಗಂಡಸರ ಟೆಂಪೊ ಬಂತು, ಅದೇ ಟೆಂಪೊದಲ್ಲಿ ಇಂಡಿಯ ದವಾಖಾನೆಗೆ ಓಡಿದೆವು. ದಾರಿಯುದ್ದಕ್ಕೂ ಅವಳ ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸಿದೆ. ಸೂಜಿ ಮಾಡಿ, ಸಲಾಯಿನ್ ಹಚ್ಚಿದ ಎಷ್ಟೋ ಹೊತ್ತಿನ ಮೇಲೆ ಅವಳು ಎಡಗಣ್ಣು ಸಣ್ಣಗೆ ತೆರೆದಳು. ಡಾಕ್ಟರು, "ಇನ್ನ ಸ್ವಲ್ಪ ತಡ ಆಗಿದ್ರ ಕಷ್ಟ ಆಗ್ತಿತ್ತರಿ," ಅಂದರು.

ಮೂರನೇ ದಿನ ಮನೆಗೆ ಬಂದಳು. ಯಜಮಾನರು ಎರಡೂ ಯಂತ್ರಗಳನ್ನು ಗುಜರಿಗೆ ಹಾಕುತ್ತೇನೆ ಎಂದು ಹೊರಗೆ ತೆಗೆದಿಟ್ಟಿದ್ದರು. ಅವಳು ಕಾಲಿಗೆ ಪಟ್ಟಿ ಕಟ್ಟಿಕೊಂಡೇ ಕುಂಟುತ್ತ ಹೋಗಿ ಅವುಗಳ ಮುಂದೆ ನಿಂತಳು.

"ಭಾವಾರ, ಯಂತ್ರದ್ದೇನೂ ತಪ್ಪಿಲ್ರಿ. ನಾ ನೋಡದ ಕೊಯ್ತಾ ಹಾಕೀನಿ."

ಮೈದುನ ನನ್ನ ಮುಖ ನೋಡಿದ. ನಾನು ಬೇಡ ಅನ್ನುತ್ತೇನೆ ಎಂದು ಎಲ್ಲರೂ ಕಾಯುತ್ತಿದ್ದರು. ನನಗೂ ಹಾಗೇ ಅನ್ನಿಸಿತ್ತು. ಆದರೆ ಬಾಯಿಂದ ಬಂದದ್ದು ಬೇರೆ: "ಇರ್ಲಿ ಬಿಡ್ರಿ. ಎರಡೂ ಇರ್ಲಿ."

ದೀಪಾವಳಿ ಆದ ಮೇಲೆ ಅವಳು ಮತ್ತೆ ಹತ್ತಿದಳು. ಈಗ ಮೊದಲು ಉದ್ದನೆಯ ಬಿದಿರುಗಳನ್ನು ಜೋಡಿಸಿ ಕಟ್ಟಿ ಒಣ ಗರಿಗಳನ್ನೆಲ್ಲ ಬಡಿದು, ದೂರ ಸರಿದು, ಒಂದಿಷ್ಟು ಹೊತ್ತು ಕಾಯುತ್ತೇವೆ. ಹುಳ ಏಳದಿದ್ದರೆ ಮಾತ್ರ ಏರುವುದು. ಮನೆಯಲ್ಲಿ ಗಂಡಸರು ಇಲ್ಲದ ದಿನ ಏರುವುದಿಲ್ಲ. ನನ್ನ ಯಂತ್ರವನ್ನೂ ಅದೇ ಗಿಡದ ಬುಡಕ್ಕೆ ಸುತ್ತಿ, ಬೆಲ್ಟು ಕಟ್ಟಿಕೊಂಡು ನಿಂತಿರುತ್ತೇನೆ.

ಮೊನ್ನೆ ಕಾಯಿ ಸುಲಿಯುತ್ತ ಕುಳಿತಾಗ ಅವಳು ಕೇಳಿದಳು, "ಅಕ್ಕಾ, ಅವತ್ತ ಏರಿದ ಮ್ಯಾಲ ನಿಮ್ಮ ಅಂಜಿಕಿ ಹೋಗಿರಬೇಕಲ್ಲ?"

ಕಾಯಿಯನ್ನು ಗೂಟಕ್ಕೆ ಚುಚ್ಚಿ ಸಿಪ್ಪೆ ತಿರುವುತ್ತ ನಾನು ಇದ್ದದ್ದನ್ನೇ ಹೇಳಿದೆ. "ಇಲ್ಲವಾ. ಹೆಚ್ಚ ಆಗೈತಿ. ಮೊದ್ಲ ಬರೀ ಕೆಳಗ ನಿಂತು ಅಂಜತಿದ್ನಿ. ಈಗ ಮ್ಯಾಲ ಹ್ಯಾಂಗ ಇರತೈತಿ ಅನ್ನೂದು ಗೊತ್ತಾಗೈತಿ."

ಅವಳು ನಗಲಿಲ್ಲ. ಸುಲಿದ ಕಾಯಿಗಳನ್ನು ಚೀಲಕ್ಕೆ ತುಂಬಿ, "ನನಗೂ," ಅಂದಳು.