ಚೊಕ್ಕ ಹೊಗೆಯ ಪೇಚು

ಅಕ್ಕಲಕೋಟ ರಸ್ತೆಯ ಟವೆಲ್ ಕಾರ್ಖಾನೆಯೊಂದು ಗ್ಯಾಸ್ ಉರಿಸಿ ತನ್ನ ಕರೆಂಟ್ ತಾನೇ ಮಾಡಿಕೊಳ್ಳುತ್ತದೆ. ಮಾಲಿನ್ಯ ಮಂಡಳಿಯ ಕಡೆಯಿಂದ ಅದರ ಚಿಮಣಿ ಹೊಗೆ ಅಳೆಯಲು ಹೋಗಿದ್ದೆ. ಅಷ್ಟು ಚೊಕ್ಕ ಹೊಗೆ ಇಡೀ ಸೊಲ್ಲಾಪುರದಲ್ಲೇ ಕಂಡಿರಲಿಲ್ಲ. ಆದರೂ ಸುಮ್ಮನಿರಲಾರದೆ, ತಮಾಷೆಗೆಂದು ಮುಖ ಗಂಟು ಹಾಕಿ ಮಾಲೀಕರಿಗೆ, “ಸಾವ್ಕಾರ್ರ, ಭಾಳ ಹೊಲಸು ಹೊಗಿ. ಈ ಗ್ಯಾಸ್ ಮಷೀನ್ ಬಂದ್ ಮಾಡಬೇಕಾಗ್ತೈತಿ” ಅಂದೆ.

ಗಾಬರಿಯಾದಾರು ಅಂದುಕೊಂಡರೆ, ನನ್ನ ಕೈಯನ್ನೇ ಹಿಡಿದುಬಿಟ್ಟರು!

“ದೇವ್ರು ಬಂದಂಗ ಬಂದ್ರಿ ಸಾಹೇಬ್ರ! ಲಗೂನ ಬರದು ಕೊಡ್ರಿ. ಗ್ಯಾಸ್ ತುಟ್ಟಿ ಆಗಿ ಕಾರ್ಖಾನಿ ಮುಳಗಾಕತ್ತೈತಿ. ಲೈಟ್ ಬೋರ್ಡಿನ ಕರೆಂಟೇ ಸೋವಿ. ಪಾಲುದಾರ ನಮ್ಮಣ್ಣ ಮಾತ್ರ ‘ಹೊಗಿ ಇಲ್ಲ, ಹೊಗಿ ಇಲ್ಲ’ ಅಂತ ಬಂದ್ ಮಾಡಾಕ ಬಿಡವಲ್ಲ.”

ನಾನು ದಂಗಾಗಿ, “ಮಸ್ಕರಿ ಮಾಡಿದ್ನಿರಿ, ಹೊಗಿ ಚೊಕ್ಕ ಐತಿ” ಅಂದೆ. ಅವರ ಕಣ್ಣಲ್ಲಿ ನೀರೇ ಬಂತು. ಹೊಗೆ ಚೊಕ್ಕ ಇದೆಯೆಂದು ಹೇಳಿ ಒಬ್ಬರನ್ನು ಅಳಿಸಿದ್ದು ಅದೇ ಮೊದಲು.

ರಿಪೋರ್ಟಿನಲ್ಲಿ ನಿಜವನ್ನೇ ಬರೆದೆ. ಮಸ್ಕರಿ ಮಾಡುವವನ ಮಾತಾದರೂ ಇದೊಂದನ್ನು ನಂಬಿ.